ಆನ್‌ಲೈನ್ ಉನ್ನತ ಶಿಕ್ಷಣದಲ್ಲಿ ಎಲ್‌ಎಂಎಸ್ ಮತ್ತು ಗ್ರಂಥಾಲಯ: ದೊಡವಾಡ ಸೀಮೆಯಿಂದ ಒಂದು ನೋಟ

ಪಾಠ, ಟಿಪ್ಪಣಿ, ವಿಡಿಯೋ, ಅಸೈನ್‌ಮೆಂಟ್, ಕಿರುಪರೀಕ್ಷೆ, ಅಂಕ ಇಷ್ಟನ್ನೂ ಒಂದೇ ಲಾಗಿನ್‌ನೊಳಗೆ ಕೂಡಿಸಿ ಕೊಡುವ ತಂತ್ರಾಂಶಕ್ಕೆ ಕಲಿಕಾ ನಿರ್ವಹಣಾ ವ್ಯವಸ್ಥೆ ಎಂಬ ಹೆಸರಿದೆ. ಕಾಲೇಜಿನ ಕಾರಿಡಾರಿನಲ್ಲಿ ಇಷ್ಟುದ್ದ ಯಾರೂ ಹೇಳುವುದಿಲ್ಲ, ಎಲ್‌ಎಂಎಸ್ ಎಂದರೆ ಮುಗಿಯಿತು. ಗ್ರಂಥಾಲಯ ಸೇವೆ ಇದಕ್ಕಿಂತ ಬಹಳ ಹಳೆಯದು. ಪುಸ್ತಕ ಎರವಲು, ರೆಫರೆನ್ಸ್, ಪತ್ರಿಕೆ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಇವುಗಳ ಜೊತೆಗೆ ಈಗ ಇ-ಪುಸ್ತಕ, ಇ-ಜರ್ನಲ್, ಪ್ರಬಂಧಗಳ ಭಂಡಾರವೂ ಅದರಲ್ಲಿ ಸೇರಿವೆ. ಎರಡೂ ಇರುವುದು ಒಬ್ಬನೇ ವಿದ್ಯಾರ್ಥಿಗಾಗಿ. ಆದರೆ ಕರ್ನಾಟಕದ ಸಾಮಾನ್ಯ ಪದವಿ ಕಾಲೇಜುಗಳಲ್ಲಿ ಅವು ಬೇರೆ ಬೇರೆ ಅನುದಾನದಿಂದ, ಬೇರೆ ಬೇರೆ ಇಲಾಖೆಯಿಂದ, ಬೇರೆ ಬೇರೆ ಪಾಸ್‌ವರ್ಡ್ ಹೊತ್ತು ಬಂದವು. ಒಂದಕ್ಕೊಂದು ಪರಿಚಯವೇ ಇಲ್ಲದಂತೆ ಇಂದಿಗೂ ನಡೆಯುತ್ತಿವೆ. ಈ ಲೇಖನ ಆ ಬೇರ್ಪಾಡನ್ನು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಕಡೆಯಿಂದ ನೋಡುತ್ತದೆ.

ಸೀಮೆ ಮತ್ತು ಕಾಲೇಜುಗಳು

ದೊಡವಾಡ ಬೈಲಹೊಂಗಲ ತಾಲ್ಲೂಕಿನ ದೊಡ್ಡ ಊರುಗಳಲ್ಲಿ ಒಂದು. ಜಿಲ್ಲಾ ಕೇಂದ್ರವಾದ ಬೆಳಗಾವಿಗಿಂತ ಧಾರವಾಡವೇ ಈ ಊರಿಗೆ ಹತ್ತಿರ. ಪದವಿ ಓದುವವರು ಬೈಲಹೊಂಗಲದ ಕೆಆರ್‌ಸಿಇಎಸ್ ಕಾಲೇಜಿಗೋ ಸವದತ್ತಿಯ ಕೆಎಲ್‌ಇ ಸಂಸ್ಥೆಯ ಬೆಳ್ಳುಬ್ಬಿ ಕಾಲೇಜಿಗೋ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೋ ಹೋಗುತ್ತಾರೆ, ಇಲ್ಲವೇ ಧಾರವಾಡದ ಬಸ್ಸು ಹತ್ತುತ್ತಾರೆ. ರಾಮದುರ್ಗದ ಕಡೆಯವರಿಗೆ ಅಲ್ಲಿಯ ಸಿ.ಎಸ್. ಬೆಂಬಳಗಿ ಕಾಲೇಜು ಹಳೆಯ ಆಸರೆ.

2010ರವರೆಗೆ ಈ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆ ವರ್ಷ ಭೂತರಾಮನಹಟ್ಟಿಯ ಸ್ನಾತಕೋತ್ತರ ಕೇಂದ್ರವೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ ಬೆಳಗಾವಿ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಆಡಳಿತಕ್ಕೆ ಇದರಿಂದ ಅನುಕೂಲವಾಯಿತು. ಗ್ರಂಥಾಲಯದ ಲೆಕ್ಕದಲ್ಲಿ ಮಾತ್ರ ದೊಡವಾಡದ ವಿದ್ಯಾರ್ಥಿಗೆ ಒಂದು ಎಡವಟ್ಟು ಉಳಿಯಿತು. ಕೈಯಳತೆಯಲ್ಲಿರುವ ದೊಡ್ಡ ಭಂಡಾರ ಧಾರವಾಡದ ಪ್ರೊ. ಎಸ್.ಎಸ್. ಬಸವನಾಳ ಗ್ರಂಥಾಲಯ. ಆದರೆ ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದವರಿಗೆ ಸಾಮಾನ್ಯವಾಗಿ ಅಂಥ ಕಡೆ ಕೂತು ಓದಲು ಅವಕಾಶ ಸಿಕ್ಕೀತು, ಪುಸ್ತಕ ಮನೆಗೆ ಸಿಗದು. ಆನ್‌ಲೈನ್ ಸೇವೆ ಬಂದ ಮೇಲೂ ಈ ಗಡಿ ಅಳಿಯಲಿಲ್ಲ. ಇ-ಜರ್ನಲ್‌ಗಳ ಪರವಾನಗಿಯೂ ವಿಶ್ವವಿದ್ಯಾಲಯದ ಬೇಲಿಯನ್ನೇ ಅನುಸರಿಸುತ್ತದೆ.

ತಾಂತ್ರಿಕ ಶಿಕ್ಷಣದ ಕಥೆ ಬೇರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರಸ್ಥಾನ 1998ರಿಂದಲೂ ಬೆಳಗಾವಿಯಲ್ಲೇ ಇದೆ. ಅದು ತನ್ನ ಕಾಲೇಜುಗಳಿಗೆಲ್ಲ ಒಟ್ಟಾಗಿ ಇ-ಜರ್ನಲ್ ಚಂದಾ ಕಟ್ಟುವ ಕನ್ಸಾರ್ಷಿಯಂ ನಡೆಸುತ್ತದೆ. ಎಂಜಿನಿಯರಿಂಗ್ ಓದುವವರಿಗೆ ಸಿಗುವ ಆನ್‌ಲೈನ್ ಗ್ರಂಥಾಲಯಕ್ಕೂ ಪಕ್ಕದ ಊರಿನ ಬಿ.ಎ. ವಿದ್ಯಾರ್ಥಿಗೆ ಸಿಗುವುದಕ್ಕೂ ಅಜಗಜಾಂತರವಿದೆ.

ಅಂಚೆ, ಉಪಗ್ರಹ, ಪರದೆ

ತರಗತಿಗೆ ಬಾರದೆ ಪದವಿ ಪಡೆಯುವುದು ಈ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಕೆಲಸಕ್ಕಿರುವವರು, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳು, ಬಡ್ತಿಗಾಗಿ ಎಂ.ಎ. ಮಾಡುವ ಶಿಕ್ಷಕರು ದಶಕಗಳ ಕಾಲ ಅಂಚೆಯಲ್ಲಿ ಬಂದ ಸಿದ್ಧಪಾಠಗಳನ್ನೇ ನೆಚ್ಚಿಕೊಂಡಿದ್ದರು. ಆ ಸಿದ್ಧಪಾಠಗಳಲ್ಲಿ ಒಂದು ಗುಣವಿತ್ತು, ಒಂದು ದೋಷವೂ ಇತ್ತು. ಪುಸ್ತಕವಿಲ್ಲದ ಊರಿನಲ್ಲೂ ಓದಿ ಪಾಸಾಗಬಹುದಾದಷ್ಟು ಅವು ಸ್ವಯಂಪೂರ್ಣವಾಗಿದ್ದವು. ಆ ಸ್ವಯಂಪೂರ್ಣತೆಯಿಂದಲೇ, ದೂರಶಿಕ್ಷಣಕ್ಕೆ ಗ್ರಂಥಾಲಯ ಬೇಕಿಲ್ಲ ಎಂಬ ನಂಬಿಕೆಯೂ ಬೇರೂರಿತು. ಪಾಠದ ಕೊನೆಯ ಪರಾಮರ್ಶನ ಗ್ರಂಥಗಳ ಪಟ್ಟಿಯನ್ನು ಕಣ್ಣೆತ್ತಿ ನೋಡಿದವರು ಕಡಿಮೆ. ನೋಡಿದ್ದರೂ ಆ ಪುಸ್ತಕಗಳನ್ನು ಬೈಲಹೊಂಗಲದಲ್ಲಿ ಎಲ್ಲಿ ಹುಡುಕುವುದು? 2015ರಲ್ಲಿ ಮುಕ್ತ ವಿಶ್ವವಿದ್ಯಾಲಯ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಕಳೆದುಕೊಂಡು 2018ರಲ್ಲಿ ಮರಳಿ ಪಡೆಯಿತು. ಆ ನಡುವಿನ ವರ್ಷಗಳಲ್ಲಿ ದೂರಶಿಕ್ಷಣದ ಪದವಿ ಎಂದರೆ ಜನ ಹುಬ್ಬೇರಿಸುವಂತಾಗಿತ್ತು. ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಸಾಮಾನ್ಯ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಬೇಕಾಯಿತು.

ಅಂಚೆಯ ನಂತರ ಬಂದದ್ದು ಉಪಗ್ರಹ. ಶಿಕ್ಷಣಕ್ಕೆಂದೇ ಇಸ್ರೋ 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಹಾರಿಸಿತು. ಅದರ ಪ್ರಾಯೋಗಿಕ ಹಂತಕ್ಕೆ ಆಯ್ದ ಸಂಸ್ಥೆಗಳಲ್ಲಿ ವಿಟಿಯುವೂ ಒಂದು. ಸ್ಟುಡಿಯೋದಲ್ಲಿ ಒಬ್ಬರು ಪಾಠ ಮಾಡಿದರೆ ಹತ್ತಾರು ಕಾಲೇಜುಗಳಲ್ಲಿ ಏಕಕಾಲಕ್ಕೆ ನೋಡುವ ಏರ್ಪಾಡು ಅದು. ಪಾಠ ಬಂತು ನಿಜ, ಆದರೆ ವಿದ್ಯಾರ್ಥಿ ಅದನ್ನು ಮತ್ತೆ ನೋಡುವಂತಿರಲಿಲ್ಲ, ಉತ್ತರ ಬರೆದು ಕಳಿಸುವಂತಿರಲಿಲ್ಲ. ಎಲ್‌ಎಂಎಸ್ ತುಂಬಿದ ಜಾಗ ಅದೇ.

ಎಲ್‌ಎಂಎಸ್ ಒಳಗೆ ಏನಿರುತ್ತದೆ

ಕಂಪ್ಯೂಟರ್ ಮೂಲಕ ಕಲಿಸುವ ಮೊದಲ ದೊಡ್ಡ ಪ್ರಯತ್ನ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ, 1960ರದು. ಇಂದು ಭಾರತದ ಕಾಲೇಜುಗಳಿಗೆ ಹೆಚ್ಚು ಪರಿಚಿತವಾದ ಮೂಡಲ್‌ನ ಮೊದಲ ಪೂರ್ಣ ಆವೃತ್ತಿ ಬಂದದ್ದು 2002ರಲ್ಲಿ. ಅದನ್ನು ರೂಪಿಸಿದ ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಚಿಕ್ಕಂದಿನಲ್ಲಿ ಮರುಭೂಮಿಯ ನಡುವಿನ ನೆಲೆಯಲ್ಲಿ ರೇಡಿಯೋ ಮೂಲಕ ಶಾಲೆ ಕಲಿತವರು. ಮೂಡಲ್ ಮುಕ್ತ ತಂತ್ರಾಂಶವಾದ್ದರಿಂದ ಕಾಲೇಜು ಪರವಾನಗಿ ಶುಲ್ಕ ಕಟ್ಟಬೇಕಿಲ್ಲ. ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ತಾಲ್ಲೂಕು ಕಾಲೇಜಿಗೆ ಸಿಗದಿರುವುದು ಆ ಎರಡನೆಯದೇ. ಸರ್ವರ್‌ನ ಗೋಜೇ ಇಲ್ಲದ ಗೂಗಲ್ ಕ್ಲಾಸ್‌ರೂಮ್, 2014ರಲ್ಲಿ ಬಂದದ್ದು, ಸಣ್ಣ ಕಾಲೇಜುಗಳಿಗೆ ಸುಲಭವಾಗಿ ಒಗ್ಗಿದ್ದು ಈ ಕಾರಣಕ್ಕೆ.

ಯಾವುದೇ ಎಲ್‌ಎಂಎಸ್‌ನ ಎಲುಬುಗೂಡು ಹೆಚ್ಚುಕಡಿಮೆ ಒಂದೇ. ಅಡ್ಮಿನ್, ಶಿಕ್ಷಕ, ವಿದ್ಯಾರ್ಥಿ ಎಂಬ ಪಾತ್ರಗಳು. ಪ್ರತಿ ವಿಷಯಕ್ಕೂ ಒಂದು ಪುಟ. ಆ ಪುಟದಲ್ಲಿ ವಾರವಾರಕ್ಕೆ ಜೋಡಿಸಿದ ಸಾಮಗ್ರಿ. ಅಸೈನ್‌ಮೆಂಟ್ ಹಾಕುವ ಪೆಟ್ಟಿಗೆ, ಅದಕ್ಕೊಂದು ಗಡುವು. ತಾನೇ ಅಂಕ ಕೊಡುವ ಬಹು ಆಯ್ಕೆ ಪ್ರಶ್ನೆಗಳು. ಕೊನೆಗೆ ಅಂಕಗಳ ಪಟ್ಟಿ. ಇವುಗಳ ಹಿಂದೆ ಸದ್ದಿಲ್ಲದೆ ನಡೆಯುವ ಇನ್ನೊಂದು ಕೆಲಸ ದಾಖಲೆ ಇಡುವುದು. ಯಾರು ಯಾವ ಕಡತವನ್ನು ಎಷ್ಟು ಹೊತ್ತಿಗೆ ತೆರೆದರು ಎಂಬುದು ಸೆಕೆಂಡಿನ ಲೆಕ್ಕದಲ್ಲಿ ಅಲ್ಲಿ ಉಳಿಯುತ್ತದೆ.

ಭಾರತದ ಆನ್‌ಲೈನ್ ಕೋರ್ಸ್‌ಗಳಿಗೆ ಈ ಎಲುಬುಗೂಡಿನ ಮೇಲೆ ‘ನಾಲ್ಕು ಚತುರ್ಥಕ’ ಎಂಬ ನಿಯಮವಿದೆ: ವಿಡಿಯೋ, ಓದುಸಾಮಗ್ರಿ, ಚರ್ಚೆ, ಸ್ವಮೌಲ್ಯಮಾಪನ. 2017ರ ಜುಲೈ 9ರಂದು ಲೋಕಾರ್ಪಣೆಯಾದ, ಕೇಂದ್ರ ಸರ್ಕಾರದ ಸ್ವಯಂ ವೇದಿಕೆ ಇದೇ ಅಚ್ಚಿನದು. ಆನ್‌ಲೈನ್ ಪದವಿ ಕೊಡುವ ಸಂಸ್ಥೆಗಳಿಗೆ ಯುಜಿಸಿ 2020ರ ಸೆಪ್ಟೆಂಬರ್‌ನಲ್ಲಿ ತಂದ ನಿಯಮಾವಳಿಯೂ ಇದನ್ನೇ ಕೇಳುತ್ತದೆ. ಸ್ವಯಂ ಕೋರ್ಸ್‌ಗಳಿಂದ ಪಡೆಯಬಹುದಾದ ಕ್ರೆಡಿಟ್ 2016ರ ನಿಯಮದಲ್ಲಿ ಶೇ 20 ಇತ್ತು, 2021ರಲ್ಲಿ ಶೇ 40ಕ್ಕೆ ಏರಿತು. ನಾಲ್ಕರಲ್ಲಿ ಎರಡನೆಯದಾದ ಓದುಸಾಮಗ್ರಿಯಲ್ಲೇ ಗ್ರಂಥಾಲಯ ಇರಬೇಕಿತ್ತು. ಬಹುತೇಕ ಕೋರ್ಸ್‌ಗಳಲ್ಲಿ ಅಲ್ಲಿರುವುದು ವಿಡಿಯೋದಲ್ಲಿ ಹೇಳಿದ್ದನ್ನೇ ಬರೆದಿಟ್ಟ ಒಂದು ಪಿಡಿಎಫ್.

2020ರ ನಂತರ

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕಾಲೇಜುಗಳು ಮುಚ್ಚಿದವು. ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದದ್ದು ಅದೇ ವರ್ಷ ನವೆಂಬರ್ 17ಕ್ಕೆ. ಎರಡನೆಯ ಅಲೆಯ ನಂತರ ಇನ್ನೊಮ್ಮೆ 2021ರ ಜುಲೈ 26ಕ್ಕೆ. ಆ ತಿಂಗಳುಗಳಲ್ಲಿ ತಾಲ್ಲೂಕು ಕಾಲೇಜುಗಳ ಎಲ್‌ಎಂಎಸ್ ಯಾವುದಾಗಿತ್ತು ಎಂದು ಕೇಳಿದರೆ ಪ್ರಾಮಾಣಿಕ ಉತ್ತರ ವಾಟ್ಸ್‌ಆ್ಯಪ್. ಗುಂಪಿನಲ್ಲಿ ನೋಟ್ಸ್‌ನ ಫೋಟೋ, ಗೂಗಲ್ ಮೀಟ್‌ನ ಕೊಂಡಿ, ಸಂಜೆಗೆ ಗೂಗಲ್ ಫಾರ್ಮ್‌ನಲ್ಲಿ ಕ್ವಿಜ್. ಹೊಲದ ಬದುವಿನಲ್ಲೋ ಮಾಳಿಗೆಯ ಮೇಲೋ ನೆಟ್‌ವರ್ಕ್ ಹುಡುಕಿ ಕೂತವರ ಸುದ್ದಿ ಆಗ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಇಲ್ಲಿ ಗಮನಿಸಬೇಕಾದದ್ದು ಬೇರೆ. ಪಾಠ ಹೇಗೋ ಮೊಬೈಲಿಗೆ ದಾಟಿತು, ಗ್ರಂಥಾಲಯ ದಾಟಲಿಲ್ಲ. ಎರವಲು ಕೊಟ್ಟ ಪುಸ್ತಕಗಳು ಮನೆಯಲ್ಲಿ ಉಳಿದವು, ಕೊಡದವು ಕಪಾಟಿನಲ್ಲಿ ಉಳಿದವು.

ರಾಜ್ಯದ ಉನ್ನತ ಶಿಕ್ಷಣ ಇಲಾಖೆ 2021ರ ಜನವರಿಯಲ್ಲಿ ಕರ್ನಾಟಕ ಎಲ್‌ಎಂಎಸ್ ಯೋಜನೆಗೆ ಚಾಲನೆ ಕೊಟ್ಟಿತು. 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜು, 87 ಪಾಲಿಟೆಕ್ನಿಕ್, 14 ಎಂಜಿನಿಯರಿಂಗ್ ಕಾಲೇಜು; ಸುಮಾರು 24,000 ಬೋಧಕರು, ನಾಲ್ಕೂವರೆ ಲಕ್ಷ ವಿದ್ಯಾರ್ಥಿಗಳು. ಸರ್ಕಾರಿ ಕಾಲೇಜಿನ ಬೋಧಕರೇ ಪಠ್ಯಕ್ರಮಕ್ಕೆ ತಕ್ಕ ವಿಡಿಯೋ, ಪಿಪಿಟಿ, ಟಿಪ್ಪಣಿ, ಪ್ರಶ್ನೆಗಳನ್ನು ಸಿದ್ಧಮಾಡಿದ್ದು ಇದರ ಹೆಚ್ಚುಗಾರಿಕೆ. ಅದೇ ವರ್ಷ ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲಾಯಿತು. ಅನುದಾನಿತ ಕಾಲೇಜುಗಳು ಈ ಲೆಕ್ಕದಲ್ಲಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಉನ್ನತ ಶಿಕ್ಷಣವನ್ನು ಬಹುಕಾಲ ಹೊತ್ತು ಬಂದದ್ದು ಅನುದಾನಿತ ಸಂಸ್ಥೆಗಳೇ ಆದ್ದರಿಂದ ಈ ಬಿಡುವಿಕೆ ಇಲ್ಲಿ ಎದ್ದು ಕಾಣುತ್ತದೆ.

ಎಲ್‌ಎಂಎಸ್ ಜೊತೆ ಸದಾ ಗೊಂದಲವಾಗುವ ಇನ್ನೊಂದು ಹೆಸರು ಯುಯುಸಿಎಂಎಸ್. 2021–22ರ ಪ್ರವೇಶದಿಂದ ಜಾರಿಗೆ ಬಂದ ಇದು ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಶುಲ್ಕ, ಪರೀಕ್ಷಾ ಅರ್ಜಿ, ಹಾಲ್‌ಟಿಕೆಟ್, ಫಲಿತಾಂಶಗಳ ಏಕೀಕೃತ ವ್ಯವಸ್ಥೆ. ಇದರಲ್ಲಿ ಕಲಿಸುವ ಕೆಲಸ ನಡೆಯುವುದಿಲ್ಲ. ಆದರೂ ‘ಕಾಲೇಜಿನ ವೆಬ್‌ಸೈಟು’ ಎಂದರೆ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ಇದೇ, ಏಕೆಂದರೆ ಇದಿಲ್ಲದೆ ಪರೀಕ್ಷೆಗೆ ಕೂರಲಾಗದು. ಒತ್ತಾಯವಿರುವ ವ್ಯವಸ್ಥೆ ಒಂದೇ ವರ್ಷದಲ್ಲಿ ಹಳ್ಳಿ ಮುಟ್ಟಿತು; ಒತ್ತಾಯವಿಲ್ಲದ ಎಲ್‌ಎಂಎಸ್ ಮತ್ತು ಇ-ಗ್ರಂಥಾಲಯಗಳು ಇನ್ನೂ ದಾರಿಯಲ್ಲಿವೆ.

ಗ್ರಂಥಾಲಯ ಬಂದ ದಾರಿ

ಗ್ರಂಥಾಲಯ ಶಾಸ್ತ್ರದಲ್ಲಿ ಕರ್ನಾಟಕ ಬಡವಲ್ಲ. ಆ ಶಾಸ್ತ್ರಕ್ಕೆ ಭಾರತದಲ್ಲಿ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ದೇಶದ ಮೊದಲ ಸಾಂಸ್ಥಿಕ ಡಿಜಿಟಲ್ ಭಂಡಾರಗಳಲ್ಲೊಂದು 2002ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾಯಿತು. ಈ ಸಂಪತ್ತು ತಾಲ್ಲೂಕಿಗೆ ಇಳಿಯಲು ಮಾತ್ರ ಬೆಂಗಳೂರಿನಿಂದ ದಾರಿಯಿರಲಿಲ್ಲ, ಗುಜರಾತಿನ ಗಾಂಧಿನಗರದಿಂದ ಬರಬೇಕಾಯಿತು.

ಅಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ಯುಜಿಸಿಯ ಕೂಸು. ಕಾಲೇಜು ಗ್ರಂಥಾಲಯಗಳಲ್ಲಿ ಪುಸ್ತಕಗಳ ಲೆಕ್ಕ ಇಡುವ ಸೋಲ್ ತಂತ್ರಾಂಶ ಅದರದು, ಪಿಎಚ್‌.ಡಿ. ಪ್ರಬಂಧಗಳ ಶೋಧಗಂಗಾ ಅದರದು. ಸ್ನಾತಕೋತ್ತರ ಪಾಠಗಳ ಇ-ಪಿಜಿ ಪಾಠಶಾಲಾವನ್ನು ನೆಟ್ಟಿನಲ್ಲಿ ಇಟ್ಟಿರುವುದೂ ಅದೇ. 2010ರ ಮೇ 4ರಂದು ಆರಂಭವಾದ ಎನ್-ಲಿಸ್ಟ್ ಪದವಿ ಕಾಲೇಜುಗಳ ಪಾಲಿಗೆ ದೊಡ್ಡ ಬಾಗಿಲು. ವರ್ಷಕ್ಕೆ ತೆರಿಗೆ ಸೇರಿ 5,900 ರೂಪಾಯಿ ಕಟ್ಟಿದರೆ ಅರ್ಹ ಕಾಲೇಜಿನ ಎಲ್ಲರಿಗೂ 6,000ಕ್ಕೂ ಹೆಚ್ಚು ಇ-ಜರ್ನಲ್, ಎರಡು ಲಕ್ಷದ ಹತ್ತಿರ ಇ-ಪುಸ್ತಕ. ಅನುದಾನರಹಿತ ಕಾಲೇಜುಗಳಿಗೆ ಶುಲ್ಕ ಇದರ ಹಲವು ಪಟ್ಟು. ಐಐಟಿ ಖರಗಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರಲ್ಲಿ ಲೋಕಾರ್ಪಣೆಯಾಯಿತು. ಅದಕ್ಕೆ ಕಾಲೇಜಿನ ಹಂಗೂ ಬೇಡ, ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು.

ಇತ್ತೀಚಿನದು ‘ಒಂದು ರಾಷ್ಟ್ರ ಒಂದು ಚಂದಾ’. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ಈ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300ರಷ್ಟು ಸಂಸ್ಥೆಗಳಿಗೆ 2025ರ ಆರಂಭದಿಂದ ತೆರೆದುಕೊಂಡವು. ಇದು ಸರ್ಕಾರಿ ಸಂಸ್ಥೆಗಳಿಗೆ ಮೀಸಲು, ಇರುವುದು ಜರ್ನಲ್ ಮಾತ್ರ, ಪುಸ್ತಕವಲ್ಲ. ಸಂಶೋಧಕರಿಗೆ ಇದು ದೊಡ್ಡ ಕೊಡುಗೆ ಎಂಬುದರಲ್ಲಿ ಅನುಮಾನವಿಲ್ಲ. ಬಿ.ಎ. ಎರಡನೆಯ ಸೆಮಿಸ್ಟರಿನ ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ಆಕೆಗೆ ಬೇಕಾದದ್ದು ಕನ್ನಡದಲ್ಲಿರುವ, ತನ್ನ ಸಿಲೆಬಸ್ಸಿಗೆ ಹೊಂದುವ, ಪೂರ್ತಿ ಒಂದು ಪುಸ್ತಕ.

ನಡುವಿನ ಗೋಡೆ

ಎನ್-ಲಿಸ್ಟ್ ಖಾತೆ ಹೇಗೆ ತೆರೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಗೋಡೆ ಎಲ್ಲಿದೆ ಎಂದು ತಿಳಿಯುತ್ತದೆ. ಕಾಲೇಜಿನ ಗ್ರಂಥಪಾಲಕರೇ ಇದರ ಅಡ್ಮಿನ್. ವಿದ್ಯಾರ್ಥಿಗಳ ಹೆಸರು, ವಿಭಾಗ, ಇ-ಮೇಲ್ ವಿಳಾಸಗಳ ಎಕ್ಸೆಲ್ ಪಟ್ಟಿ ಮಾಡಿ ಅವರು ಏರಿಸಬೇಕು. ಪ್ರತಿಯೊಬ್ಬರ ಇ-ಮೇಲ್‌ಗೆ ಯೂಸರ್ ಐಡಿಯ ವಿವರ ಹೋಗುತ್ತದೆ. ಕಾಗದದ ಮೇಲೆ ಇದರಲ್ಲಿ ಏನೂ ಕಷ್ಟವಿಲ್ಲ. ಆದರೆ ಆ ಇ-ಮೇಲ್ ವಿಳಾಸ ಎಲ್ಲಿಂದ ಬಂತು? ಎಷ್ಟೋ ಸಲ ಪ್ರವೇಶದ ಅರ್ಜಿ ತುಂಬುವಾಗ ಕಂಪ್ಯೂಟರ್ ಸೆಂಟರಿನವರು ಅಲ್ಲೇ ಕೂತು ಹುಟ್ಟಿಸಿಕೊಟ್ಟದ್ದು. ಅದರ ಪಾಸ್‌ವರ್ಡ್ ವಿದ್ಯಾರ್ಥಿಗೆ ಗೊತ್ತಿರುವುದಿಲ್ಲ, ಅದಕ್ಕೆ ಕೊಟ್ಟ ಫೋನ್ ನಂಬರು ಅಪ್ಪನದೋ ಅಣ್ಣನದೋ. ಗಾಂಧಿನಗರದಿಂದ ಹೊರಟ ಪತ್ರ ಯಾರೂ ತೆರೆಯದ ಪೆಟ್ಟಿಗೆಗೆ ಬೀಳುತ್ತದೆ. ಕಾಲೇಜಿನ ವಾರ್ಷಿಕ ವರದಿಯಲ್ಲಿ ‘ಎನ್-ಲಿಸ್ಟ್ ಸೌಲಭ್ಯ ಇದೆ’ ಎಂಬ ಸಾಲು ಇರುತ್ತದೆ, ಕಾಲೇಜುಗಳ ಮೌಲ್ಯಮಾಪನಕ್ಕೆ ಬರುವ ನ್ಯಾಕ್ ತಂಡಕ್ಕೆ ಅದು ಸಾಕು.

ತಂತ್ರಜ್ಞಾನದ ಮಟ್ಟದಲ್ಲಿ ಈ ಗೋಡೆಗೆ ಮದ್ದು ಕಂಡುಹಿಡಿದು ಬಹಳ ದಿನವಾಯಿತು. ಒಂದೇ ಲಾಗಿನ್‌ನಿಂದ ಹಲವು ಸೇವೆ ತೆರೆಯುವ ಏರ್ಪಾಡನ್ನು ಇನ್‌ಫ್ಲಿಬ್‌ನೆಟ್ ಇನ್‌ಫೆಡ್ ಹೆಸರಿನಲ್ಲಿ ನಡೆಸುತ್ತಿದೆ. ಹೊರಗಿನ ಗ್ರಂಥಾಲಯದ ಸಾಮಗ್ರಿಯನ್ನು ಎಲ್‌ಎಂಎಸ್ ಪುಟದೊಳಗೇ ತೋರಿಸುವ ಎಲ್‌ಟಿಐ ಎಂಬ ಮಾನದಂಡವನ್ನು ಮೂಡಲ್, ಕ್ಯಾನ್‌ವಾಸ್, ಬ್ಲ್ಯಾಕ್‌ಬೋರ್ಡ್ ಎಲ್ಲವೂ ಒಪ್ಪುತ್ತವೆ. ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಕರು ಓದುಪಟ್ಟಿ ಕೊಟ್ಟರೆ ಗ್ರಂಥಪಾಲಕರು ಪ್ರತಿ ಪುಸ್ತಕಕ್ಕೂ ಕೊಂಡಿ ಹಚ್ಚಿ ಕೋರ್ಸ್ ಪುಟಕ್ಕೆ ಸೇರಿಸುತ್ತಾರೆ, ಇಲ್ಲದ ಪುಸ್ತಕ ಕೊಳ್ಳುತ್ತಾರೆ. ನಮ್ಮಲ್ಲಿ ಕೋರ್ಸ್ ಪುಟಕ್ಕೆ ಕೈಹಾಕುವ ಅಧಿಕಾರ ಗ್ರಂಥಪಾಲಕರಿಗೆ ಇರುವುದೇ ಅಪರೂಪ. ಎಲ್‌ಎಂಎಸ್‌ನಲ್ಲಿ ಅವರಿಗೊಂದು ಪಾತ್ರವನ್ನೇ ಇಟ್ಟಿರುವುದಿಲ್ಲ.

ಗೋಡೆಯ ಇನ್ನೊಂದು ಕಲ್ಲು ಹಕ್ಕುಸ್ವಾಮ್ಯದ ಭಯ. ದೆಹಲಿ ವಿಶ್ವವಿದ್ಯಾಲಯದ ಆವರಣದ ಝೆರಾಕ್ಸ್ ಅಂಗಡಿಯ ಮೇಲೆ ವಿದೇಶಿ ಪ್ರಕಾಶಕರು ಹೂಡಿದ್ದ ದಾವೆಯನ್ನು ದೆಹಲಿ ಹೈಕೋರ್ಟ್ 2016ರ ಸೆಪ್ಟೆಂಬರ್ 16ರಂದು ವಜಾ ಮಾಡಿತು. ಅದೇ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಪ್ರಕರಣವನ್ನು ಮರುವಿಚಾರಣೆಗೆ ಕಳಿಸಿದರೂ, ಬೋಧನೆಯ ಉದ್ದೇಶಕ್ಕೆ ಬೇಕಾದಷ್ಟು ಪ್ರತಿ ಮಾಡುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ ಎಂಬ ತತ್ವವನ್ನು ಎತ್ತಿಹಿಡಿಯಿತು. ಈ ತೀರ್ಪು ಕಾಗದದ ಪ್ರತಿಗಳ ಕುರಿತದ್ದು. ಪಾಸ್‌ವರ್ಡ್ ಇರುವ ಎಲ್‌ಎಂಎಸ್‌ನಲ್ಲಿ ಒಂದು ಅಧ್ಯಾಯ ಸ್ಕ್ಯಾನ್ ಮಾಡಿ ಹಾಕಬಹುದೇ ಎಂದು ಕೇಳಿದರೆ ಕಾಲೇಜುಗಳು ತಲೆ ಕೆರೆದುಕೊಳ್ಳುತ್ತವೆ, ಕೊನೆಗೆ ಸುಮ್ಮನಿರುವುದೇ ಕ್ಷೇಮ ಎಂದುಕೊಳ್ಳುತ್ತವೆ. ಅತ್ತ ಅದೇ ಪುಸ್ತಕ ಪೂರ್ತಿಯಾಗಿ ಟೆಲಿಗ್ರಾಂ ಚಾನೆಲ್ಲಿನಲ್ಲಿ ಓಡಾಡುತ್ತಿರುತ್ತದೆ.

ಕನ್ನಡದ ಸಾಮಗ್ರಿ

ಈ ಸೀಮೆಯ ಕಲಾ ವಿಭಾಗದ ಬಹುಪಾಲು ವಿದ್ಯಾರ್ಥಿಗಳು ಕನ್ನಡದಲ್ಲೇ ಉತ್ತರ ಬರೆಯುತ್ತಾರೆ. ಎನ್-ಲಿಸ್ಟ್‌ನ ಎರಡು ಲಕ್ಷ ಪುಸ್ತಕ ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷ್. ಐಐಟಿಗಳ ಆನ್‌ಲೈನ್ ಪಾಠಗಳ ವೇದಿಕೆಯಾದ ಎನ್‌ಪಿಟಿಇಎಲ್ ತನ್ನ ಪಾಠಗಳ ಬರಹರೂಪವನ್ನು ಕನ್ನಡಕ್ಕೂ ತಂದಿದೆ, ಆದರೆ ಅವು ಹೆಚ್ಚಾಗಿ ಎಂಜಿನಿಯರಿಂಗ್ ಮತ್ತು ವಿಜ್ಞಾನದವು. ಹೀಗಾಗಿ ಸಮಾಜಶಾಸ್ತ್ರವೋ ರಾಜ್ಯಶಾಸ್ತ್ರವೋ ಓದುವ ಹುಡುಗಿ ಎನ್-ಲಿಸ್ಟ್ ಪಾಸ್‌ವರ್ಡ್ ಸರಿಯಾಗಿ ಸಿಕ್ಕರೂ ಒಂದು ಸಲ ಒಳಗೆ ಹೋಗಿ ಹೊರಗೆ ಬರುತ್ತಾಳೆ. ಗೈಡ್ ಕೊಳ್ಳುತ್ತಾಳೆ. ಅವಳನ್ನು ದೂರುವುದರಲ್ಲಿ ಅರ್ಥವಿಲ್ಲ.

ಕನ್ನಡದಲ್ಲಿ ಸಾಮಗ್ರಿಯೇ ಇಲ್ಲ ಎನ್ನುವಂತಿಲ್ಲ, ಅದು ಚದುರಿಬಿದ್ದಿದೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಸಂಪುಟಗಳು ಮುಕ್ತ ಪರವಾನಗಿಯಡಿ ವಿಕಿಸೋರ್ಸ್‌ಗೆ ಬಂದಿವೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಣಜ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣಗಳಿವೆ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಾವಿರಗಟ್ಟಲೆ ಇವೆ. ಮುಕ್ತ ವಿಶ್ವವಿದ್ಯಾಲಯದ ಸಿದ್ಧಪಾಠಗಳು ಕನ್ನಡದಲ್ಲಿ ಸಮಾಜವಿಜ್ಞಾನ ಬರೆದ ದೊಡ್ಡ ಪ್ರಯತ್ನ ಎಂಬುದನ್ನು ಮರೆಯುವಂತಿಲ್ಲ. ಭಾರತೀಯ ಭಾಷೆಗಳಲ್ಲಿ ಐದು ವರ್ಷಕ್ಕೆ 22,000 ಪುಸ್ತಕ ತರುವ ಅಸ್ಮಿತಾ ಯೋಜನೆಯನ್ನು ಯುಜಿಸಿ 2024ರ ಜುಲೈನಲ್ಲಿ ಘೋಷಿಸಿದೆ. ಇವನ್ನೆಲ್ಲ ಒಂದು ಸಿಲೆಬಸ್ಸಿನ ಘಟಕಕ್ಕೆ ಹೊಂದಿಸಿ, ಇಂಥ ಘಟಕಕ್ಕೆ ಇಂಥ ಪುಟ ಓದಿ ಎಂದು ಎಲ್‌ಎಂಎಸ್‌ನಲ್ಲಿ ಪಟ್ಟಿ ಹಾಕುವವರು ಬೇಕು. ಇದಕ್ಕೆ ಕೋಟಿ ರೂಪಾಯಿ ಬೇಡ, ಕೂತು ಮಾಡುವ ಒಂದು ಸೆಮಿಸ್ಟರಿನ ಕೆಲಸ.

ಇನ್ನೊಂದು ತೊಡಕು ಅಕ್ಷರದ್ದು. ಹಿರಿಯ ಬೋಧಕರ ಟಿಪ್ಪಣಿಗಳು ಬಹುಪಾಲು ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿವೆ. ಅದನ್ನು ಪಿಡಿಎಫ್ ಮಾಡಿ ಏರಿಸಿದರೆ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುತ್ತದೆ. ಒಂದು ಸಾಲನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಬೇಕು: ಕನ್ನಡದ ಬದಲು ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ರೋಮನ್ ಅಕ್ಷರಗಳ ಸಾಲು ಬೀಳುತ್ತದೆ. ಎಲ್‌ಎಂಎಸ್‌ನ ಹುಡುಕು ಪೆಟ್ಟಿಗೆಯಲ್ಲಿ ‘ವಚನ ಚಳವಳಿ’ ಎಂದು ಬರೆದರೆ ಆ ಕಡತ ಸಿಗುವುದಿಲ್ಲ, ಕಾರಣ ಯಂತ್ರದ ಪಾಲಿಗೆ ಅದರಲ್ಲಿ ಕನ್ನಡವೇ ಇಲ್ಲ. ಕಣ್ಣಿಲ್ಲದ ವಿದ್ಯಾರ್ಥಿಗೆ ಓದಿ ಹೇಳುವ ತಂತ್ರಾಂಶವೂ ಅಲ್ಲಿ ತಡವರಿಸುತ್ತದೆ. ಅಂಥ ವಿದ್ಯಾರ್ಥಿಗಳಿಗಾಗಿ 2016ರಿಂದ ಸುಗಮ್ಯ ಪುಸ್ತಕಾಲಯ ಇದೆ. ಅವರಿಗೆ ಓದಲಾಗುವ ರೂಪಕ್ಕೆ ಪುಸ್ತಕ ಪರಿವರ್ತಿಸಲು ಕಾನೂನಿನ ತಡೆಯೂ ಇಲ್ಲ. ಕಾಲೇಜಿನ ಸ್ವಂತ ಟಿಪ್ಪಣಿಯನ್ನು ಯೂನಿಕೋಡಿಗೆ ತಿರುಗಿಸುವ ಉಚಿತ ಪರಿವರ್ತಕಗಳೂ ಸಿಗುತ್ತವೆ.

ಗ್ರಂಥಪಾಲಕ ಮತ್ತು ಓದಿನ ಗುಟ್ಟು

ಕಾಲೇಜು ಗ್ರಂಥಪಾಲಕ ಎಂದರೆ ಕೌಂಟರಿನಲ್ಲಿ ಕಾರ್ಡ್ ತೆಗೆದುಕೊಂಡು ಪುಸ್ತಕ ಕೊಡುವವರು, ವರ್ಷದ ಕೊನೆಗೆ ನೋ ಡ್ಯೂ ಸಹಿ ಹಾಕುವವರು ಎಂಬ ಕಲ್ಪನೆ ಇನ್ನೂ ಗಟ್ಟಿಯಾಗಿದೆ. ಆನ್‌ಲೈನ್ ಕಲಿಕೆಯಲ್ಲಿ ಅವರ ಕೆಲಸ ಪೂರ್ತಿ ಬೇರೆ: ಖಾತೆ ತೆರೆಸುವುದು, ಹುಡುಕುವ ಬಗೆ ಕಲಿಸುವುದು, ಎಲ್‌ಎಂಎಸ್ ಪುಟಕ್ಕೆ ಸಾಮಗ್ರಿ ಹೊಂದಿಸುವುದು, ಅಸೈನ್‌ಮೆಂಟಿನಲ್ಲಿ ನಕಲು ಯಾವುದು ಉಲ್ಲೇಖ ಯಾವುದು ಎಂದು ತಿಳಿಸುವುದು. ಇದನ್ನು ಮಾಡಬಲ್ಲ ತರಬೇತಿ ಪಡೆದವರು ರಾಜ್ಯದ ವಿಶ್ವವಿದ್ಯಾಲಯಗಳಿಂದ ಪ್ರತಿವರ್ಷ ಹೊರಬರುತ್ತಾರೆ. ಹುದ್ದೆ ಖಾಲಿ ಬಿದ್ದ ಕಡೆ ಬೀಗದ ಕೈ ಒಬ್ಬ ಸಹಾಯಕರ ಬಳಿ ಇರುತ್ತದೆ, ಎನ್-ಲಿಸ್ಟ್ ಅಡ್ಮಿನ್ ಪಾಸ್‌ವರ್ಡ್ ನಿವೃತ್ತರಾದವರ ಡೈರಿಯಲ್ಲಿ.

ಎಲ್‌ಎಂಎಸ್‌ಗೂ ಗ್ರಂಥಾಲಯಕ್ಕೂ ಸ್ವಭಾವದಲ್ಲೇ ಒಂದು ಭೇದವಿದೆ, ಇದರ ಕುರಿತ ಮಾತು ಕಡಿಮೆ. ಯಾರು ಯಾವ ಪುಸ್ತಕ ಓದಿದರು ಎಂದು ಮೂರನೆಯವರಿಗೆ ಹೇಳದಿರುವುದು ಗ್ರಂಥಾಲಯ ವೃತ್ತಿಯ ಹಳೆಯ ಶಿಸ್ತು. ಎಲ್‌ಎಂಎಸ್‌ನ ಹುಟ್ಟೇ ಶಿಕ್ಷಕರಿಗೆ ಅದನ್ನು ತೋರಿಸಲು. ಎರಡನ್ನೂ ಒಂದೇ ಲಾಗಿನ್‌ಗೆ ಬೆಸೆದಾಗ ವಿದ್ಯಾರ್ಥಿಯ ಓದಿನ ದಾಖಲೆ ಯಾರ ಕೈ ಸೇರಬೇಕು, ಎಷ್ಟು ಕಾಲ ಉಳಿಯಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಂತರ ಇದು ಕಾಲೇಜಿಗೆ ಕಾನೂನಿನ ಹೊಣೆಯೂ ಹೌದು.

ಊರಿನ ಲೈಬ್ರರಿ

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಅದರಡಿ ಬೆಳೆದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಹಲವು ಕಡೆ ಕಂಪ್ಯೂಟರ್, ನೆಟ್, ಮಕ್ಕಳ ಮೂಲೆ ಬಂದಿವೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರ ಫೆಬ್ರುವರಿಯಲ್ಲಿ ಶುರುಮಾಡಿದ ಡಿಜಿಟಲ್ ಗ್ರಂಥಾಲಯದ ಆ್ಯಪ್ ಉಚಿತ, ನೋಂದಣಿಗೆ ಮೊಬೈಲ್ ನಂಬರ್ ಸಾಕು. ಅರಿವು ಕೇಂದ್ರಗಳ ಕಪಾಟುಗಳಲ್ಲಿ ದಿನಪತ್ರಿಕೆ, ಕಥೆ-ಕಾದಂಬರಿ, ಕೆಎಎಸ್, ಪಿಎಸ್‌ಐ ಪರೀಕ್ಷೆಯ ಪುಸ್ತಕಗಳೇ ಹೆಚ್ಚು. ಪದವಿ ಪಠ್ಯ ಅಪರೂಪ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರು ಇನ್ನೂ ಧಾರವಾಡದ ಬಾಡಿಗೆ ರೀಡಿಂಗ್ ರೂಮುಗಳಿಗೇ ಹೋಗುತ್ತಾರೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ ಉಚಿತವಾಗಿಸಿದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಅಲ್ಲಿಯವರೆಗಿನ ಬಸ್ ಖರ್ಚು ಉಳಿಯಿತು. ಗ್ರಂಥಾಲಯಕ್ಕೆಂದು ಮಾಡಿದ ಯೋಜನೆ ಅದಲ್ಲ. ಆದರೂ ಹಲವು ಆ್ಯಪ್‌ಗಳು ಮಾಡದ ಕೆಲಸವನ್ನು ಅದು ಮಾಡಿದೆ ಎನ್ನಬೇಕು.

ಅರಿವು ಕೇಂದ್ರದ ಕಂಪ್ಯೂಟರಿನಿಂದಲೂ ಸ್ವಯಂ, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಎನ್-ಲಿಸ್ಟ್ ಎಲ್ಲವೂ ತೆರೆಯುತ್ತವೆ. ಪದವಿ ವಿದ್ಯಾರ್ಥಿಗಳನ್ನು ಗಮನದಲ್ಲಿಟ್ಟುಕೊಂಡು ನೋಡಿದರೆ ಅಲ್ಲಿ ಕೊರತೆ ಎರಡು: ಪ್ರಿಂಟರ್ ಮತ್ತು ವೇಳೆ. ಎನ್‌ಪಿಟಿಇಎಲ್ ಕೋರ್ಸ್‌ಗಳ ವಾರದ ಅಸೈನ್‌ಮೆಂಟಿನ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11:59. ಊರಿನ ಲೈಬ್ರರಿ ಅದಕ್ಕೆ ಎಷ್ಟೋ ತಾಸು ಮೊದಲೇ ಮುಚ್ಚಿರುತ್ತದೆ. ಹೊಲ, ಹೈನು, ಮನೆಗೆಲಸ ಮುಗಿಸಿ ಓದಲು ಕೂರುವವರಿಗೆ ಬಿಡುವು ಸಿಗುವುದು ಆ ಮೇಲೆಯೇ. ಹೀಗಾಗಿ ಹಗಲಲ್ಲಿ ಕೇಂದ್ರದ ನೆಟ್ ಬಳಸಿ ಆ ವಾರದ ವಿಡಿಯೋ, ಪಿಡಿಎಫ್‌ಗಳನ್ನು ಮೊಬೈಲಿಗೆ ಇಳಿಸಿಕೊಂಡು ಹೋಗುವುದು, ಉತ್ತರ ಒತ್ತುವಷ್ಟಕ್ಕೆ ಮಾತ್ರ ರಾತ್ರಿ ಸ್ವಂತ ಡೇಟಾ ಬಳಸುವುದು ಸದ್ಯಕ್ಕೆ ನಡೆಯಬಲ್ಲ ದಾರಿ.